ಹೊಗೆ ಮನೆಯೊಳಗೆ, ಫಲಕ ಬೀದಿಯಲ್ಲಿ: ಪರೋಕ್ಷ ಧೂಮಪಾನದ ಸಂಶೋಧನೆ ಮತ್ತು ಕ್ಯಾನ್ಸರ್ ತಡೆ – ಒಂದು ವಿಮರ್ಶೆ

ಧೂಮಪಾನ ಆರೋಗ್ಯಕ್ಕೆ ಹಾನಿಕರ ಎಂಬ ಮಾತನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಬಸ್ ನಿಲ್ದಾಣ, ತಹಸೀಲ್ದಾರ ಕಚೇರಿ, ಆಸ್ಪತ್ರೆ, ಶಾಲೆ – ಎಲ್ಲೆಡೆ ‘ಧೂಮಪಾನ ನಿಷೇಧಿಸಿದೆ’ ಎಂಬ ಫಲಕ ಇರಬೇಕೆಂದು ಕಾನೂನು ಹೇಳುತ್ತದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ಈಚೆಗೆ ತಾಲ್ಲೂಕಾದ ರಬಕವಿ-ಬನಹಟ್ಟಿ – ಈ ನಾಲ್ಕು ತಾಲ್ಲೂಕುಗಳೂ ಇದಕ್ಕೆ ಹೊರತಲ್ಲ. ಸೇದುವವನ ಪಕ್ಕದಲ್ಲಿ ಕುಳಿತವರಿಗೂ ಕೇಡಾಗುತ್ತದೆ ಎಂಬ ವೈಜ್ಞಾನಿಕ ನಿರ್ಣಯವೇ ಈ ಫಲಕಗಳ ಹಿಂದಿರುವ ಆಧಾರ. ಹಾಗಾದರೆ ಆ ನಿರ್ಣಯಕ್ಕೆ ವಿಜ್ಞಾನಿಗಳು ಬಂದದ್ದು ಹೇಗೆ? ಅವರು ಅಳೆದದ್ದು ಎಲ್ಲಿಯ ಹೊಗೆಯನ್ನು? ಅವರು ಕಂಡುಕೊಂಡದ್ದಕ್ಕೂ ನಾವು ಕೈಗೊಂಡ ಕ್ರಮಕ್ಕೂ ತಾಳೆಯಿದೆಯೇ? ಈ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ.

ಈ ಲೇಖನದ ಉದ್ದೇಶ ಆ ಪ್ರಶ್ನೆಗಳನ್ನು ಕೇಳುವುದು. ಪರೋಕ್ಷ ಧೂಮಪಾನದ, ಅಂದರೆ ಬೇರೆಯವರು ಬಿಟ್ಟ ಹೊಗೆಯನ್ನು ಉಸಿರಾಡುವುದರ, ಅಪಾಯವನ್ನು ಮೊದಲು ಖಚಿತಪಡಿಸಿದ ಸಂಶೋಧನೆ ನಡೆದದ್ದು ಮನೆಗಳನ್ನು ಕುರಿತು. ಆದರೆ ಆ ಸಂಶೋಧನೆಯ ಬಲದ ಮೇಲೆ ಹುಟ್ಟಿದ ತಡೆಕ್ರಮ ಬೀದಿಯಲ್ಲಿ ನಿಂತಿದೆ. ಮನೆಯೇ ಕಾರ್ಖಾನೆಯೂ ಆಗಿರುವ ಊರುಗಳಲ್ಲಿ ಈ ಅಂತರದ ಬೆಲೆಯನ್ನು ಹೆಂಗಸರೂ ಮಕ್ಕಳೂ ತೆರುತ್ತಾರೆ.

ಹೆಂಡತಿಯರನ್ನು ಎಣಿಸಿದ ಅಧ್ಯಯನ

ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಬರುತ್ತದೆಂಬುದನ್ನು 1950ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್, ಅದೇ ವರ್ಷ ಅಮೆರಿಕದ ವೈಂಡರ್ ಮತ್ತು ಗ್ರೇಹ್ಯಾಮ್ ತೋರಿಸಿದ್ದರು. ಸೇದದವರ ವಿಷಯದಲ್ಲಿ ಗಟ್ಟಿ ಸಾಕ್ಷ್ಯ ದೊರೆಯಲು ಮತ್ತೆ 3 ದಶಕ ಕಾಯಬೇಕಾಯಿತು. 1981ರ ಜನವರಿಯಲ್ಲಿ ಜಪಾನಿನ ತಕೇಶಿ ಹಿರಾಯಾಮ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಜಪಾನಿನ 29 ಆರೋಗ್ಯಕೇಂದ್ರಗಳ ವ್ಯಾಪ್ತಿಯಲ್ಲಿದ್ದ, 40 ವರ್ಷ ದಾಟಿದ, ತಾವು ಸ್ವತಃ ಸೇದದ 91,540 ಗೃಹಿಣಿಯರನ್ನು 1966ರಿಂದ 1979ರವರೆಗೆ 14 ವರ್ಷ ಅನುಸರಿಸಲಾಗಿತ್ತು. ಗಂಡ ಸೇದುತ್ತಾನೆಯೇ, ದಿನಕ್ಕೆ ಎಷ್ಟು ಎಂಬುದನ್ನು ಮೊದಲೇ ಬರೆದುಕೊಂಡು, ಆಮೇಲೆ ಯಾರು ಯಾವ ರೋಗದಿಂದ ತೀರಿಕೊಂಡರೆಂದು ಲೆಕ್ಕ ಹಾಕಲಾಯಿತು.

ಫಲಿತಾಂಶ ಸ್ಪಷ್ಟವಾಗಿತ್ತು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ ಹೆಚ್ಚಿತ್ತು. ದಿನಕ್ಕೆ 20 ಅಥವಾ ಅದಕ್ಕಿಂತ ಹೆಚ್ಚು ಸಿಗರೇಟು ಸೇದುವವರ ಹೆಂಡತಿಯರಲ್ಲಿ ಅದು ಸೇದದವರ ಹೆಂಡತಿಯರಿಗಿಂತ ಸುಮಾರು ಎರಡು ಪಟ್ಟಾಗಿತ್ತು. ಪ್ರಮಾಣ ಏರಿದಂತೆ ಪರಿಣಾಮವೂ ಏರುವುದು ಕಾರಣ-ಪರಿಣಾಮ ಸಂಬಂಧದ ಒಂದು ಮುಖ್ಯ ಲಕ್ಷಣ.

ಈ ಅಧ್ಯಯನದ ಎರಡು ವಿವರಗಳನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು, ಗಂಡನ ಕುಡಿತದ ಚಟಕ್ಕೂ ಹೆಂಡತಿಯ ಶ್ವಾಸಕೋಶದ ಕ್ಯಾನ್ಸರಿಗೂ ಯಾವ ಸಂಬಂಧವೂ ಕಂಡುಬರಲಿಲ್ಲ. ಗಂಡನ ಧೂಮಪಾನಕ್ಕೂ ಹೆಂಡತಿಯ ಜಠರದ ಅಥವಾ ಗರ್ಭಕಂಠದ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಬಡತನ, ನಿರ್ಲಕ್ಷ್ಯ, ಕೆಟ್ಟ ಸಂಸಾರ ಮುಂತಾದವೇ ನಿಜವಾದ ಕಾರಣಗಳಾಗಿದ್ದರೆ ಕುಡುಕರ ಹೆಂಡತಿಯರಲ್ಲೂ ಅದೇ ಏರಿಕೆ ಕಾಣಬೇಕಿತ್ತು. ಎರಡನೆಯದು, ಈ ಏರಿಕೆ ಎದ್ದು ಕಂಡದ್ದು ಒಕ್ಕಲು ಕುಟುಂಬಗಳಲ್ಲಿ, ಅದರಲ್ಲೂ ಅಧ್ಯಯನದ ಆರಂಭದಲ್ಲಿ ಗಂಡನ ವಯಸ್ಸು 40ರಿಂದ 59ರೊಳಗಿದ್ದ ಮನೆಗಳಲ್ಲಿ. ಪಟ್ಟಣದ ಹೆಂಗಸು ನಾನಾ ಮೂಲಗಳ ಹೊಗೆ ಉಸಿರಾಡುತ್ತಾಳೆ. ಹಳ್ಳಿಯಲ್ಲಿ ಗಂಡನ ಹೊಗೆಯ ಪಾಲು ಬೇರೆಯಾಗಿ ಕಾಣಿಸಿಕೊಂಡಿರಬಹುದು. ಕಾರಣ ಏನೇ ಇರಲಿ, ಪರೋಕ್ಷ ಧೂಮಪಾನ ನಗರದ ಹೋಟೆಲು, ಕಚೇರಿಗಳ ಸಮಸ್ಯೆ ಎಂಬ ಕಲ್ಪನೆಗೆ ಮೊದಲ ದೊಡ್ಡ ಅಧ್ಯಯನದಲ್ಲೇ ಆಧಾರವಿರಲಿಲ್ಲ.

ಆಕ್ಷೇಪಗಳ ಅಗ್ನಿಪರೀಕ್ಷೆ

ಯಾವ ಸಂಶೋಧನೆಯನ್ನೂ ಪ್ರಶ್ನಿಸದೆ ಒಪ್ಪಬಾರದು. ಹಿರಾಯಾಮರ ಮೇಲೆ ಬಂದ ಆಕ್ಷೇಪಗಳಲ್ಲಿ ಕೆಲವು ನ್ಯಾಯವಾದವು. ‘ನಾನು ಸೇದುವುದಿಲ್ಲ’ ಎಂದ ಹೆಂಗಸರಲ್ಲಿ ಕೆಲವರು ಗುಟ್ಟಾಗಿ ಸೇದುತ್ತಿದ್ದರೆ? ಸೇದುವವರ ಹೆಂಡತಿಯರೇ ಹಾಗೆ ಸೇದುವ ಸಂಭವ ಹೆಚ್ಚು. ಆಗ ಅವರ ಸ್ವಂತ ಧೂಮಪಾನದ ಫಲ ಗಂಡನ ಲೆಕ್ಕಕ್ಕೆ ಬೀಳುತ್ತದೆ. ಅಡುಗೆಮನೆಯ ಹೊಗೆಯನ್ನು ಎಣಿಕೆಗೆ ತೆಗೆದುಕೊಂಡಿರಲಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಅದೇ 1981ರಲ್ಲಿ ಅಥೆನ್ಸ್‌ನ ಆಸ್ಪತ್ರೆಗಳ ರೋಗಿಗಳನ್ನು ಅಧ್ಯಯನ ಮಾಡಿದ ಟ್ರಿಖೊಪೌಲೊಸ್ ಹಿರಾಯಾಮರಂಥದೇ ಫಲಿತಾಂಶ ಪಡೆದರು. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಅಂಕಿ-ಅಂಶಗಳನ್ನು ಜಾಲಾಡಿದ ಗಾರ್ಫಿಂಕೆಲ್ ಅವರಿಗೆ ಮಾತ್ರ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವೆನ್ನಬಹುದಾದ ಏರಿಕೆ ದೊರೆಯಲಿಲ್ಲ. ಅಂದರೆ ಪ್ರಶ್ನೆ ಆಗಿನ್ನೂ ತೆರೆದೇ ಇತ್ತು.

ನ್ಯಾಯವಾದ ಸಂದೇಹಗಳ ಜೊತೆಗೆ ಬಾಡಿಗೆಯ ಸಂದೇಹಗಳೂ ಬಂದವು. ತಂಬಾಕು ಕಂಪನಿಗಳು ಹಿರಾಯಾಮರ ಲೆಕ್ಕದಲ್ಲಿ ತಪ್ಪಿದೆ ಎಂದು ಪ್ರಚಾರ ಮಾಡಿದವು. ಅವರ ನಿರ್ಣಯ ಸರಿಯಿದೆ ಎಂದು ಉದ್ಯಮದ ಸಲಹೆಗಾರರೇ ಒಳಗೊಳಗೆ ಒಪ್ಪಿದ್ದರೆಂಬುದು ನಂತರ ಬಯಲಾದ ಕಂಪನಿ ಕಾಗದಗಳಿಂದ ತಿಳಿಯಿತು. 2003ರಲ್ಲಿ ಎನ್‌ಸ್ಟ್ರೋಮ್ ಮತ್ತು ಕ್ಯಾಬಟ್ ಕ್ಯಾಲಿಫೋರ್ನಿಯದ ದಂಪತಿಗಳ ಅಂಕಿಗಳನ್ನು ಹಿಡಿದು ಪರೋಕ್ಷ ಧೂಮಪಾನದಿಂದ ಗಣನೀಯ ಅಪಾಯವಿಲ್ಲವೆಂದು ಬರೆದರು. ಆ ಕೆಲಸಕ್ಕೆ ತಂಬಾಕು ಉದ್ಯಮದ ಹಣ ಬಂದಿತ್ತು. ಹಣದ ಮೂಲವೊಂದರಿಂದಲೇ ಅಧ್ಯಯನವನ್ನು ತಳ್ಳಿಹಾಕಬೇಕಿಲ್ಲ. ಅದರ ವಿಧಾನದಲ್ಲೇ ದೋಷವಿತ್ತು. 1960ರ ಸುಮಾರಿನಲ್ಲಿ ಅಮೆರಿಕದಲ್ಲಿ ಕಚೇರಿ, ಹೋಟೆಲು, ವಾಹನಗಳಲ್ಲೆಲ್ಲ ಹೊಗೆ ತುಂಬಿರುತ್ತಿತ್ತು. ಸೇದದ ಗಂಡನ ಹೆಂಡತಿಯೂ ಹೊಗೆ ಉಸಿರಾಡಿದವಳೇ. ಎರಡೂ ತಕ್ಕಡಿಯಲ್ಲಿ ಒಂದೇ ಸರಕನ್ನಿಟ್ಟು ವ್ಯತ್ಯಾಸವಿಲ್ಲ ಎಂದರೆ ಅದು ತೂಕವಾಗದು. ಕಂಪನಿಗಳು ಪರೋಕ್ಷ ಧೂಮಪಾನದ ವಿಷಯದಲ್ಲೂ ಸಾರ್ವಜನಿಕರನ್ನು ವಂಚಿಸಿದವೆಂದು 2006ರಲ್ಲಿ ಅಮೆರಿಕದ ಫೆಡರಲ್ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ತೀರ್ಪಿತ್ತರು.

ಈ ನಡುವೆ ಅಳತೆಯ ಸಾಧನಗಳೂ ಸುಧಾರಿಸಿದವು. ದೇಹ ಸೇರಿದ ನಿಕೋಟಿನ್ ಮಾರ್ಪಟ್ಟು ಆಗುವ ಕೊಟಿನಿನ್ ಎಂಬ ರಾಸಾಯನಿಕವನ್ನು ರಕ್ತ, ಮೂತ್ರ, ಜೊಲ್ಲಿನಲ್ಲಿ ಅಳೆಯಬಹುದು. ಗುಟ್ಟಾಗಿ ಸೇದುವವರನ್ನು ಇದು ಹಿಡಿದುಕೊಡುತ್ತದೆ. ಆ ತಿದ್ದುಪಡಿಯ ನಂತರವೂ ಅಪಾಯ ಉಳಿಯಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ (ಐ.ಎ.ಆರ್.ಸಿ.) 2004ರಲ್ಲಿ ಪ್ರಕಟಿಸಿದ 83ನೆಯ ಸಂಪುಟದಲ್ಲಿ ಪರೋಕ್ಷ ಧೂಮಪಾನ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಘೋಷಿಸಿತು. ಅಮೆರಿಕದ ಸರ್ಜನ್ ಜನರಲ್ ಅವರ 2006ರ ವರದಿ ಇದನ್ನು ಪುನಃ ಎತ್ತಿಹಿಡಿಯಿತು. ಆಕ್ಷೇಪಗಳಿಂದ ಈ ಸಂಶೋಧನೆ ಕುಗ್ಗಲಿಲ್ಲ, ಗಟ್ಟಿಯಾಯಿತು.

ಶೇ. 25 ಎಂದರೆ ಎಷ್ಟು?

ಈಗ ಅಂಕಿಯ ಅರ್ಥವನ್ನು ನೋಡೋಣ. ಎಲ್ಲ ಅಧ್ಯಯನಗಳ ಸಾರಾಂಶದ ಪ್ರಕಾರ, ಸೇದುವವರೊಡನೆ ಬಾಳುವ ಸೇದದ ವ್ಯಕ್ತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಶೇ. 20ರಿಂದ 30ರಷ್ಟು ಹೆಚ್ಚು. ಹಿರಾಯಾಮರ ‘ಎರಡು ಪಟ್ಟು’ ಅತಿಯಾಗಿ ಸೇದುವವರ ಹೆಂಡತಿಯರಿಗೆ ಸಂಬಂಧಿಸಿದ್ದು. ಒಟ್ಟಾರೆ ಏರಿಕೆ ಅದಕ್ಕಿಂತ ಕಡಿಮೆ. ಸೇದದವರ ಒಂದು ದೊಡ್ಡ ಗುಂಪಿನಲ್ಲಿ ಸಾಮಾನ್ಯವಾಗಿ 100 ಮಂದಿಗೆ ಬರುವ ರೋಗ, ಮನೆಯಲ್ಲಿ ಹೊಗೆಯಿದ್ದರೆ ಸುಮಾರು 125 ಮಂದಿಗೆ ಬರುತ್ತದೆ ಎಂದು ತಿಳಿಯಬಹುದು. ಸ್ವತಃ ಸೇದುವವರಲ್ಲಿ ಈ ಏರಿಕೆ ಶೇಕಡದ ಲೆಕ್ಕದಲ್ಲಿಲ್ಲ, ಹತ್ತಾರು ಪಟ್ಟಿನ ಲೆಕ್ಕದಲ್ಲಿದೆ. ಸೇದದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಮೂಲತಃ ವಿರಳವಾದ ರೋಗ. ಹೀಗಾಗಿ ‘ಪಕ್ಕದವರು ಸೇದಿದರೆ ನಿಮಗೆ ಕ್ಯಾನ್ಸರ್ ಖಚಿತ’ ಎಂಬಂಥ ಪ್ರಚಾರ ವಿಜ್ಞಾನಕ್ಕೆ ನಿಷ್ಠವಲ್ಲ. ಅದನ್ನು ಕೇಳಿದವರು ತಮ್ಮ ಓಣಿಯಲ್ಲಿ ಹಾಗೆ ಕಾಣದಿದ್ದಾಗ ಇಡೀ ಮಾತನ್ನೇ ಬಿಟ್ಟುಬಿಡುತ್ತಾರೆ.

ನಮ್ಮ ಆರೋಗ್ಯ ಪ್ರಚಾರದ ದೊಡ್ಡ ಲೋಪ ಇಲ್ಲಿದೆ. ಹೊಗೆ ಎಂದೊಡನೆ ಕ್ಯಾನ್ಸರ್ ಎನ್ನುತ್ತೇವೆ. 2011ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಒಂದು ಜಾಗತಿಕ ಅಂದಾಜಿನ ಪ್ರಕಾರ 2004ರಲ್ಲಿ ಪರೋಕ್ಷ ಧೂಮಪಾನದಿಂದ ಸತ್ತವರು 6,03,000. ಅವರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು 21,400 ಮಾತ್ರ. ಹೃದಯಾಘಾತದಂಥ ಹೃದ್ರೋಗಗಳಿಂದ ಸತ್ತವರು 3,79,000. ನ್ಯುಮೋನಿಯ ಮೊದಲಾದ ಶ್ವಾಸಾಂಗದ ಸೋಂಕಿನಿಂದ ಸತ್ತವರು 1,65,000. ಒಟ್ಟು ಸಾವುಗಳಲ್ಲಿ ಶೇ. 47 ಹೆಂಗಸರದು, ಶೇ. 28 ಮಕ್ಕಳದು. ಕ್ಯಾನ್ಸರಿಗೆ ಹತ್ತಾರು ವರ್ಷ ಬೇಕು. ಕೂಸಿನ ನ್ಯುಮೋನಿಯಕ್ಕೆ ಒಂದು ಚಳಿಗಾಲ ಸಾಕು. ಮನೆಯನ್ನು ಹೊಗೆಮುಕ್ತ ಮಾಡುವ ಕೆಲಸ ಕ್ಯಾನ್ಸರಿನ ಹೆಸರಿನಲ್ಲಿ ಶುರುವಾದರೂ ಅದರ ಮೊದಲ ಫಲ ಕಾಣುವುದು ತೊಟ್ಟಿಲಲ್ಲಿ. ಈ ಮಾತನ್ನು ಯಾವ ಫಲಕವೂ ಹೇಳುತ್ತಿಲ್ಲ.

ಸಂಶೋಧನೆಯಿಂದ ಕಾನೂನಿಗೆ

ಭಾರತದಲ್ಲಿ ಸಾರ್ವಜನಿಕ ಸ್ಥಳದ ಧೂಮಪಾನವನ್ನು ತಡೆಯುವಲ್ಲಿ ನ್ಯಾಯಾಲಯಗಳ ಪಾತ್ರ ದೊಡ್ಡದು. 1999ರಲ್ಲಿ ಕೇರಳ ಹೈಕೋರ್ಟ್, 2001ರಲ್ಲಿ ಮುರಳಿ ದೇವೋರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಆದೇಶವಿತ್ತವು. 2003ರಲ್ಲಿ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯಿದೆ (ಕೋಟ್ಪಾ) ಬಂತು. 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮಗಳು ಕೆಲಸದ ಸ್ಥಳಗಳನ್ನೂ ಸಾರ್ವಜನಿಕ ಸ್ಥಳಗಳ ಪಟ್ಟಿಗೆ ಸೇರಿಸಿದವು. ಕರ್ನಾಟಕ ತನ್ನ ತಿದ್ದುಪಡಿಯ ಮೂಲಕ 2025ರಲ್ಲಿ ದಂಡವನ್ನು 200 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಿತು. ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಹೆಚ್ಚಿಸಿತು.

ಇವೆಲ್ಲ ಸ್ವಾಗತಾರ್ಹ ಕ್ರಮಗಳು. ಆದರೆ ಹೊಗೆ ಎಲ್ಲಿ ಹೆಚ್ಚಿದೆ? 2016-17ರ ಜಾಗತಿಕ ವಯಸ್ಕ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಮನೆಯಲ್ಲಿ ಪರೋಕ್ಷ ಹೊಗೆಗೆ ಒಡ್ಡಿಕೊಂಡವರು ಶೇ. 38.7; ಒಳಾಂಗಣದಲ್ಲಿ ಕೆಲಸ ಮಾಡುವವರಲ್ಲಿ ಕೆಲಸದ ಸ್ಥಳದಲ್ಲಿ ಒಡ್ಡಿಕೊಂಡವರು ಶೇ. 30.2; ಸಾರ್ವಜನಿಕ ಸ್ಥಳಗಳಲ್ಲಿ ಒಡ್ಡಿಕೊಂಡವರು ಶೇ. 25.7. ಮೂರರಲ್ಲಿ ದೊಡ್ಡ ಅಂಕಿ ಮನೆಯದು. 2009-10ರಲ್ಲಿ ಅದು ಶೇ. 52.3 ಇತ್ತು, ಅಂದರೆ ಇಳಿದಿದೆ, ಕೆಲಸದ ಸ್ಥಳದ ಅಂಕಿ ಮಾತ್ರ (ಆಗ ಶೇ. 29.9) ನಿಂತಲ್ಲೇ ನಿಂತಿದೆ. ಈ ಸಮೀಕ್ಷೆಗೂ ಒಂದು ಮಿತಿಯಿದೆ. ‘ನಿಮ್ಮ ಮನೆಯೊಳಗೆ ಯಾರಾದರೂ ಸೇದುತ್ತಾರೆಯೇ’ ಎಂಬ ಪ್ರಶ್ನೆಗೆ ಬಂದ ಬಾಯಿಮಾತಿನ ಉತ್ತರ ಅದು, ಕೊಟಿನಿನ್ ಅಳತೆಯಲ್ಲ. ಮೇಲಾಗಿ ಅದು ರಾಜ್ಯಮಟ್ಟದವರೆಗೆ ಮಾತ್ರ ಅಂಕಿ ಕೊಡುತ್ತದೆ. ಜಮಖಂಡಿಗೋ ಬೀಳಗಿಗೋ ಬೇರೆ ಅಂಕಿ ಕೊಡದು.

ಮಗ್ಗದ ಮನೆ, ಗಾಣದ ಗುಡಿಸಲು

ಕಾನೂನು ‘ಮನೆ’ ಮತ್ತು ‘ಕೆಲಸದ ಸ್ಥಳ’ ಎಂದು ಎರಡು ಪೆಟ್ಟಿಗೆ ಮಾಡಿಕೊಂಡಿದೆ. ರಬಕವಿ-ಬನಹಟ್ಟಿಯ ನೇಕಾರರ ಓಣಿಗೆ ಬಂದರೆ ಈ ವಿಂಗಡಣೆ ನಿಲ್ಲುವುದಿಲ್ಲ. ಅಲ್ಲಿ ಮಗ್ಗದ ಸದ್ದು ಮನೆಯೊಳಗಿಂದಲೇ ಬರುತ್ತದೆ. ಮುಂದಿನ ಅಂಕಣದಲ್ಲಿ ಮಗ್ಗ, ಹಿಂದೆ ಅಡುಗೆ, ಮಧ್ಯದಲ್ಲಿ ಕಂಡಿಕಿ ಸುತ್ತುವ ಹೆಂಗಸರು, ಆಡುವ ಮಕ್ಕಳು. ನೂಲು ಒಣಗಿ ಹರಿಯಬಾರದೆಂದು ಗಾಳಿಯ ಓಡಾಟ ಕಡಿಮೆ ಇರುವ ಒಳಾಂಗಣ. ಅಲ್ಲಿ ಸೇದಿದ ಬೀಡಿಯ ಹೊಗೆ ಯಾವ ಪೆಟ್ಟಿಗೆಗೆ ಸೇರಬೇಕು? ಇದು ಕೆಲಸದ ಸ್ಥಳವೆಂದು ವಾದಿಸಬಹುದು. ಆದರೆ ಒಬ್ಬರ ಪಡಸಾಲೆಗೆ ನುಗ್ಗಿ ದಂಡ ಹಾಕುವ ಅಧಿಕಾರಿಯನ್ನು ಯಾರೂ ಬಯಸಲಾರರು, ಬಯಸಲೂಬಾರದು. ಮುಧೋಳ, ಜಮಖಂಡಿ, ಬೀಳಗಿಯ ಕಬ್ಬಿನ ಸೀಮೆಯಲ್ಲೂ ಇದೇ ಸಮಸ್ಯೆ ಬೇರೆ ರೂಪದಲ್ಲಿದೆ. ಕಬ್ಬು ಕಡಿಯಲು ಬಂದ ಗ್ಯಾಂಗಿನವರು ಇಡೀ ಸುಗ್ಗಿಯನ್ನು ಒಂದೇ ಕೋಣೆಯ ಗುಡಿಸಲಿನಲ್ಲಿ ಕಳೆಯುತ್ತಾರೆ. ಬೆಲ್ಲದ ಗಾಣದ ಒಲೆ, ಹೊಲದಲ್ಲಿ ಸುಡುವ ರವದಿ, ಅಡುಗೆಯ ಕಟ್ಟಿಗೆ ಒಲೆ, ಅದರ ಜೊತೆಗೆ ಬೀಡಿ.

ಇಲ್ಲಿ ಹಿರಾಯಾಮರಿಗೆ ಬಂದ ಹಳೆಯ ಆಕ್ಷೇಪ ನಮಗೆ ಮತ್ತೆ ಎದುರಾಗುತ್ತದೆ. ಕಟ್ಟಿಗೆ, ಕುಳ್ಳುಗಳಂಥ ಜೈವಿಕ ಇಂಧನದ ಒಲೆಯ ಹೊಗೆಯನ್ನು ಐ.ಎ.ಆರ್.ಸಿ. ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗದಲ್ಲಿ ಇಟ್ಟಿದೆ. ಒಲೆಯ ಮುಂದೆ ಕೂರುವವಳೂ ಬೀಡಿ ಸೇದುವವನ ಹೆಂಡತಿಯೂ ಒಬ್ಬಳೇ ಆಗಿರುವಾಗ ಯಾವ ಹೊಗೆಯ ಪಾಲು ಎಷ್ಟು ಎಂದು ಬಿಡಿಸುವುದು ಸುಲಭವಲ್ಲ. ನೇಕಾರನಿಗಂತೂ ಹತ್ತಿಯ ಧೂಳಿನ ಕೆಮ್ಮು ಬೇರೆ. ಅಲ್ಲದೆ ಹಿರಾಯಾಮ ಅಳೆದದ್ದು ಸಿಗರೇಟು ಸೇದುವವರ ಮನೆಗಳನ್ನು. ಬೀಡಿಯ ರೀತಿಯೇ ಬೇರೆ: ಅದರ ತೆಂಡು ಎಲೆಯ ಹೊದಿಕೆಯಲ್ಲಿ ಗಾಳಿ ಸುಲಭವಾಗಿ ಹಾಯದು, ಜೋರಾಗಿ, ಮೇಲಿಂದ ಮೇಲೆ ಎಳೆಯದಿದ್ದರೆ ಆರಿಹೋಗುತ್ತದೆ. ಆದ್ದರಿಂದ ಸೇದುವವನ ಒಳಗೆ ಹೋಗುವ ಹೊಗೆಗೂ ಕೋಣೆಗೆ ಬಿಡುವ ಹೊಗೆಗೂ ಇರುವ ಅನುಪಾತ ಸಿಗರೇಟಿನಂತಿರಲಾರದು. ಜಪಾನಿನ ಅಂಕಿಯನ್ನು ಬನಹಟ್ಟಿಗೆ ಹಾಗೆಯೇ ಹಚ್ಚುವುದು ಸರಿಯಲ್ಲ. ಆದರೆ ಇದರಿಂದ ಬೀಡಿ ನಿರುಪದ್ರವಿ ಎಂದು ತಿಳಿಯುವುದೂ ತಪ್ಪು. ಪ್ರಭಾತ್ ಝಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ, 11 ಲಕ್ಷ ಮನೆಗಳನ್ನು ಒಳಗೊಂಡ ಭಾರತೀಯ ಅಧ್ಯಯನದಲ್ಲಿ ಬೀಡಿ ಸೇದುವ ಗಂಡಸರು ಸರಾಸರಿ 6 ವರ್ಷ, ಸಿಗರೇಟು ಸೇದುವವರು 10 ವರ್ಷ ಆಯುಷ್ಯ ಕಳೆದುಕೊಳ್ಳುತ್ತಾರೆಂದು ಕಂಡುಬಂತು. ಆ ಸಾವುಗಳಲ್ಲಿ ಕ್ಯಾನ್ಸರಿನ ಜೊತೆಗೆ ಕ್ಷಯ, ಉಸಿರಾಟದ ರೋಗ, ಹೃದಯ-ರಕ್ತನಾಳದ ರೋಗಗಳ ಪಾಲೂ ದೊಡ್ಡದು.

ಬೀಡಿ ತಂಬಾಕು ನಮ್ಮಿಂದ ದೂರದ ಬೆಳೆಯೂ ಅಲ್ಲ. ನೆರೆಯ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಅದಕ್ಕೆ ಹೆಸರಾದ ಪೇಟೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಅಲ್ಲಿದೆ. ಬೆಳೆಯ ಇಳುವರಿ ಕುರಿತು ನಾಡಿನಲ್ಲಿ ದಶಕಗಳ ಸಂಶೋಧನೆ ನಡೆದಿದೆ. ಅದೇ ತಂಬಾಕಿನ ಹೊಗೆ ಮಗ್ಗದ ಮನೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂಬ ಪ್ರಶ್ನೆಗೆ ಅದರ ಒಂದಂಶದ ಗಮನವಾದರೂ ಸಿಗಬೇಕಿತ್ತು.

ಹೊಗೆಯಿಲ್ಲದ ಬೆಂಕಿ

‘ಧೂಮಪಾನ ನಿಷೇಧಿಸಿದೆ’ ಎಂಬ ಎರಡು ಶಬ್ದಗಳಲ್ಲೇ ಇನ್ನೊಂದು ಕೊರತೆ ಅಡಗಿದೆ. 2016-17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ. 8.8, ಜಗಿಯುವುದೇ ಮೊದಲಾಗಿ ಹೊಗೆರಹಿತ ತಂಬಾಕು ಬಳಸುವವರು ಶೇ. 16.3. ಸುಣ್ಣ-ತಂಬಾಕು ತಿಕ್ಕಿ ದವಡೆಗಿಡುವವರು, ಎಲೆ-ಅಡಿಕೆಯ ಜೊತೆ ತಂಬಾಕು ಹಾಕುವವರು, ತಪಕೀರನ್ನು ಹಲ್ಲಿಗೆ ತಿಕ್ಕುವ ಅಜ್ಜಿಯರು – ಇವರಾರನ್ನೂ ಆ ಫಲಕ ಮುಟ್ಟುವುದಿಲ್ಲ. ಎರಡೂ ಕೈ ಕೆಲಸದಲ್ಲಿರುವ, ಸುತ್ತ ಹತ್ತಿಯ ತುಪ್ಪಳ ಹಾರುವ ಜಾಗದಲ್ಲಿ ಕಿಡಿಗಿಂತ ದವಡೆಯ ತಂಬಾಕು ಅನುಕೂಲವೆನಿಸುವುದು ಸಹಜ. ಸೇದುವುದನ್ನು ಮಾತ್ರ ತಡೆದರೆ ಚಟ ಒಂದು ರೂಪದಿಂದ ಇನ್ನೊಂದಕ್ಕೆ ಜಾರುವ ಭಯವಿದೆ.

ಬಾಯಿಯ ಕ್ಯಾನ್ಸರ್ ವಿಷಯದಲ್ಲಿ ಭಾರತದ ಸಂಶೋಧನೆ ಯಾರಿಗೂ ಕಡಿಮೆಯದಲ್ಲ. ತಿರುವಾಂಕೂರಿನಲ್ಲಿ ವೀಳ್ಯ ಜಗಿಯುವವರ ಬಾಯಿಯ ಕ್ಯಾನ್ಸರ್ ಕುರಿತು ಆರ್ 1933ರಲ್ಲೇ ಬರೆದಿದ್ದರು. ಮುಂಬಯಿಯಲ್ಲಿ ಎಲ್.ಡಿ. ಸಾಂಘ್ವಿ ಮತ್ತು ಸಂಗಡಿಗರು ಸೇದುವಿಕೆ, ಜಗಿಯುವಿಕೆ ಎರಡನ್ನೂ ತೂಗಿ 1955ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ನೋಂದಣಿಯನ್ನು ಆಧರಿಸಿ ನಂದಕುಮಾರ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂಬಾಕು ಸೇರಿಸಿ ಎಲೆ-ಅಡಿಕೆ ಜಗಿಯುವ ಹೆಂಗಸರಿಗೆ ಬಾಯಿಯ ಕ್ಯಾನ್ಸರಿನ ಅಪಾಯ ಸುಮಾರು 25 ಪಟ್ಟು ಎಂದು ಕಂಡಿತು. ಈ ಅಂಕಿಯ ಅನಿಶ್ಚಿತತೆ ದೊಡ್ಡದು, 11ರಿಂದ 57 ಪಟ್ಟಿನವರೆಗೂ ಇರಬಹುದು. ಕಡಿಮೆ ತುದಿಯನ್ನೇ ಹಿಡಿದರೂ ಪರೋಕ್ಷ ಹೊಗೆಯ ಶೇ. 25ಕ್ಕೂ ಇದಕ್ಕೂ ಎಷ್ಟು ಅಂತರ! ಕರ್ನಾಟಕ 2013ರಲ್ಲಿ ಗುಟಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲಾ ಮತ್ತು ತಂಬಾಕು ಎರಡು ಬೇರೆ ಚೀಟುಗಳಾಗಿ ಬಂದು ಕೊಳ್ಳುವವನ ಅಂಗೈಯಲ್ಲಿ ಒಂದಾದವು.

ಎಣಿಕೆಯಿಲ್ಲದ ಸೀಮೆ

ಬೆಂಗಳೂರಿನ ಅದೇ ಅಧ್ಯಯನದಲ್ಲಿ ರಾಗಿಯನ್ನು ಮುಖ್ಯ ಆಹಾರವಾಗಿ ಉಣ್ಣುವವರಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚೆಂಬ ಅನಿರೀಕ್ಷಿತ ಸಂಬಂಧವೂ ಕಂಡಿತ್ತು. ಅದು ರಾಗಿಯ ದೋಷವೋ, ರಾಗಿ ಉಣ್ಣುವವರ ಬಡತನದ ಗುರುತೋ ಎಂಬುದು ಒಂದು ಅಧ್ಯಯನದಿಂದ ತೀರ್ಮಾನವಾಗದು. ಜೋಳದ ರೊಟ್ಟಿಯ ಸೀಮೆಯಲ್ಲಿ ಅದೇ ಅಧ್ಯಯನ ನಡೆದಿದ್ದರೆ ಉತ್ತರಕ್ಕೆ ದಾರಿ ಸಿಗುತ್ತಿತ್ತು. ಆದರೆ ಹಾಗೆ ನಡೆಸಲು ಮೊದಲು ರೋಗಿಗಳ ಎಣಿಕೆ ಬೇಕು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 2020ರ ವರದಿಯಲ್ಲಿ ಜನಸಂಖ್ಯೆ ಆಧಾರಿತ 28 ನೋಂದಣಿಗಳಿವೆ. ಅವುಗಳಲ್ಲಿ ಕರ್ನಾಟಕದ್ದು 1982ರಿಂದ ನಡೆದುಬಂದಿರುವ ಬೆಂಗಳೂರಿನದೊಂದೇ. 2011ರ ಜನಗಣತಿಯಂತೆ ಸುಮಾರು 19 ಲಕ್ಷ ಜನರಿದ್ದ ಬಾಗಲಕೋಟೆ ಜಿಲ್ಲೆ ಆ ನಕ್ಷೆಯಲ್ಲಿಲ್ಲ. ಈ ಕಡೆಯ ರೋಗಿಗಳು ಹುಬ್ಬಳ್ಳಿಗೆ, ಬೆಳಗಾವಿಗೆ, ಹಳೆಯ ರೂಢಿಯಂತೆ ಗಡಿ ದಾಟಿ ಮೀರಜಿಗೆ ಹೋಗುತ್ತಾರೆ. ಆಸ್ಪತ್ರೆಯ ಪುಸ್ತಕದಲ್ಲಿ ಹೆಸರು ಸೇರುತ್ತದೆ, ಊರಿನ ಲೆಕ್ಕಕ್ಕೆ ಸೇರುವುದಿಲ್ಲ.

ಗ್ರಾಮೀಣ ಪ್ರದೇಶದಲ್ಲಿ ನೋಂದಣಿ ಅಸಾಧ್ಯ ಎಂಬ ಮಾತನ್ನು ಒಪ್ಪಲಾಗದು. ವಿಜಯಪುರ ಜಿಲ್ಲೆಗೆ ಹೊಂದಿಕೊಂಡ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಿಂದ ಗ್ರಾಮೀಣ ಕ್ಯಾನ್ಸರ್ ನೋಂದಣಿ ನಡೆದಿದೆ. ಅಲ್ಲಿಯ ಕಾರ್ಯಕರ್ತರು ಆಸ್ಪತ್ರೆಯಲ್ಲಿ ಕುಳಿತು ಕಾಯಲಿಲ್ಲ. ಹಳ್ಳಿಗಳಿಗೆ ಹೋಗಿ, ಲಕ್ಷಣಗಳನ್ನು ತಿಳಿಸಿ, ಸಂಶಯವಿದ್ದವರನ್ನು ತಪಾಸಣೆಗೆ ಒಪ್ಪಿಸಿದರು. ಕಪ್ಪುಮಣ್ಣು, ಜೋಳ, ಕಬ್ಬು, ತಂಬಾಕು – ಬಾರ್ಶಿಗೂ ನಮಗೂ ಹೋಲಿಕೆ ಸಾಕಷ್ಟಿದೆ.

ಮಾಡಬಹುದಾದ ಕೆಲಸ

ಮನೆಯೊಳಗಿನ ಹೊಗೆಯನ್ನು ದಂಡದಿಂದ ತಡೆಯಲಾಗದಿದ್ದರೆ ಇನ್ನಾವ ದಾರಿಯಿದೆ? ‘ಹೊಗೆಮುಕ್ತ ಮನೆ’ ಎಂಬ ಪ್ರಯೋಗ ಕೇರಳದ ಕೆಲವು ಸಮುದಾಯಗಳಲ್ಲಿ ನಡೆದಿದೆ. ಹೆಂಗಸರ ಗುಂಪುಗಳು, ವಾರ್ಡಿನ ಮುಖಂಡರು ಸೇರಿ ‘ನಮ್ಮ ಮನೆಯೊಳಗೆ ಸೇದುವಂತಿಲ್ಲ’ ಎಂಬ ಒಮ್ಮತಕ್ಕೆ ಬರುವುದು ಅದರ ತಿರುಳು. ಒಬ್ಬಳು ಹೆಂಡತಿ ಗಂಡನಿಗೆ ಹೇಳಲಾಗದ್ದನ್ನು ಇಡೀ ಓಣಿ ಹೇಳುತ್ತದೆ. ಆದರೆ ಇದೂ ಮಂತ್ರದಂಡವಲ್ಲ. ಢಾಕಾದಲ್ಲಿ ಮಸೀದಿಗಳ ಮೂಲಕ ಇಂಥದೇ ತಿಳಿವಳಿಕೆ ನೀಡಿ, ಮನೆಯ ಗಾಳಿಯಲ್ಲಿನ ಸೂಕ್ಷ್ಮಕಣಗಳನ್ನು ಉಪಕರಣದಿಂದ ಅಳೆದು ನೋಡಿದ ದೊಡ್ಡ ಪ್ರಯೋಗವೊಂದರಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಬರೀ ಉಪದೇಶ ಸಾಲದು ಎಂಬುದು ಇದರ ಪಾಠ. ಅಳೆಯದೆ ಹೋಗಿದ್ದರೆ ಆ ಯೋಜನೆಯನ್ನು ಯಶಸ್ವಿ ಎಂದೇ ಕರೆದುಬಿಡುತ್ತಿದ್ದರು.

ಭರವಸೆಯ ಫಲಿತಾಂಶಗಳೂ ಇವೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎರ್ನಾಕುಲಂ, ಭಾವನಗರ, ಶ್ರೀಕಾಕುಳಂ ಜಿಲ್ಲೆಗಳ 36,000 ತಂಬಾಕು ಬಳಕೆದಾರರಿಗೆ ಮನೆಮನೆಗೆ ಹೋಗಿ ತಿಳಿವಳಿಕೆ ನೀಡಿದ ಫಲಿತಾಂಶ 1986ರಲ್ಲಿ ಪ್ರಕಟವಾಯಿತು. ಹಲವರು ಚಟ ಬಿಟ್ಟರು ಅಥವಾ ತಗ್ಗಿಸಿದರು; ಕ್ಯಾನ್ಸರಿಗೆ ಮುನ್ಸೂಚನೆಯಾದ ಬಾಯಿಯ ಬಿಳಿ ಮಚ್ಚೆಗಳು ಹೊಸದಾಗಿ ಕಾಣಿಸಿಕೊಳ್ಳುವುದು ಕಡಿಮೆಯಾಯಿತು. ತಿರುವನಂತಪುರದಲ್ಲಿ 1996ರಲ್ಲಿ ಆರಂಭವಾದ ಪ್ರಯೋಗದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಬಾಯಿಯನ್ನು ಕಣ್ಣಿನಿಂದ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಯಿತೆಂದು 2005ರಲ್ಲಿ ವರದಿಯಾಯಿತು. ಇದಕ್ಕೆ ಬೇಕಾದದ್ದು ಒಂದು ಬ್ಯಾಟರಿ, ಒಂದು ಜೊತೆ ಕೈಗವಸು, ಕಲಿತ ಕಣ್ಣು.

ಇಂದು ಆ ಕಣ್ಣು ಆಶಾ ಕಾರ್ಯಕರ್ತೆಯ ರೂಪದಲ್ಲಿ ಪ್ರತಿ ಓಣಿಯಲ್ಲೂ ಇದೆ. 30 ವರ್ಷ ದಾಟಿದವರನ್ನು ಭೇಟಿಯಾಗಿ ಆಕೆ ತುಂಬುವ ಸಮುದಾಯ ಆಧಾರಿತ ಮೌಲ್ಯಮಾಪನ ಪಟ್ಟಿಯಲ್ಲಿ ‘ನೀವು ಸೇದುತ್ತೀರಾ, ಗುಟಕಾ ಮೊದಲಾದುವನ್ನು ಬಳಸುತ್ತೀರಾ’ ಎಂಬ ಪ್ರಶ್ನೆಯಿದೆ. ಅಡುಗೆಗೆ ಯಾವ ಇಂಧನ, ಕೆಲಸದಲ್ಲಿ ಧೂಳು-ಹೊಗೆ ಇದೆಯೇ ಎಂಬುದೂ ಇದೆ. ‘ನಿಮ್ಮ ಮನೆಯೊಳಗೆ ಬೇರೆ ಯಾರಾದರೂ ಸೇದುತ್ತಾರೆಯೇ’ ಎಂಬ ಪ್ರಶ್ನೆ ಮಾತ್ರ ಇಲ್ಲ. ತಾನು ಸೇದದ, ಜಗಿಯದ ಹೆಂಗಸಿಗೆ ಆ ಪಟ್ಟಿಯಲ್ಲಿ ತಂಬಾಕಿನ ಕಾಲಂ ಸೊನ್ನೆ. ಹಿರಾಯಾಮ 91,540 ಹೆಂಗಸರನ್ನು ಎಣಿಸಿ ಹೇಳಿದ್ದು, ಆ ಸೊನ್ನೆ ಸೊನ್ನೆಯಲ್ಲ ಎಂದು.

ಆದ್ದರಿಂದ ಮೊದಲ ಹೆಜ್ಜೆ ಸಣ್ಣದು, ಖರ್ಚಿಲ್ಲದ್ದು. ಆ ಪಟ್ಟಿಗೆ ಒಂದು ಪ್ರಶ್ನೆ ಸೇರಿಸಬೇಕು. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ, ಮುಧೋಳದ ಕಬ್ಬಿನ ಗುಡಿಸಲುಗಳಲ್ಲಿ ಜಿಲ್ಲೆಯ ಕಾಲೇಜುಗಳ ವಿದ್ಯಾರ್ಥಿಗಳು ಗಾಳಿಯ ಸೂಕ್ಷ್ಮಕಣಗಳನ್ನೂ, ಒಪ್ಪಿದವರ ಜೊಲ್ಲಿನ ಕೊಟಿನಿನ್ ಅನ್ನೂ ಅಳೆಯಬಹುದು. ಒಲೆಯ ಹೊಗೆಯಲ್ಲಿ ನಿಕೋಟಿನ್ ಇರುವುದಿಲ್ಲವಾದ್ದರಿಂದ ಬೀಡಿಯ ಪಾಲನ್ನು ಒಲೆಯ ಪಾಲಿನಿಂದ ಬೇರ್ಪಡಿಸಲು ಕೊಟಿನಿನ್ ನೆರವಾಗುತ್ತದೆ. ತಂಬಾಕು ಜಗಿಯುವವರ ಜೊಲ್ಲಿನಲ್ಲೂ ಕೊಟಿನಿನ್ ಇರುವುದರಿಂದ ಅವರನ್ನು ಮೊದಲೇ ಬೇರೆ ಮಾಡಬೇಕು, ಅಷ್ಟೇ. ಬಿಡಬೇಕೆನ್ನುವವರಿಗೆ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356 ಇದೆ. ಬಿಡಲಾಗದವನು ಕನಿಷ್ಠಪಕ್ಷ ಹೊಸ್ತಿಲು ದಾಟಿ, ಅಂಗಳ ದಾಟಿ ಸೇದಲಿ. ಕಿಟಕಿ ತೆರೆದರೆ, ಫ್ಯಾನ್ ಹಾಕಿದರೆ ಸಾಕೆಂಬುದು ಭ್ರಮೆ. ಗಾಳಿಯಾಡುವಿಕೆಯಿಂದ ಒಳಾಂಗಣದ ತಂಬಾಕಿನ ಹೊಗೆ ಪೂರ್ತಿ ನಿವಾರಣೆಯಾಗುವುದಿಲ್ಲವೆಂದು 2006ರ ವರದಿ ಸ್ಪಷ್ಟಪಡಿಸಿದೆ.

ಫಲಕಗಳನ್ನು ತೆಗೆಯಬೇಕೆಂದು ಈ ವಿಮರ್ಶೆ ಹೇಳುತ್ತಿಲ್ಲ. ಅವು ಇರಲಿ. ಆದರೆ ಬಸ್ ನಿಲ್ದಾಣದಲ್ಲಿ ನಾವು ಕಳೆಯುವುದು ಅರ್ಧ ಗಂಟೆ, ಮಗ್ಗದ ಮನೆಯಲ್ಲಿ ಕಂಡಿಕಿ ಸುತ್ತುವವಳು ಕಳೆಯುವುದು ಇಡೀ ಬಾಳು. ವಿಜ್ಞಾನ ಮೊದಲು ಅವಳ ಉಸಿರನ್ನೇ ಲೆಕ್ಕ ಹಾಕಿತ್ತು. ತಡೆಯ ಕೆಲಸವೂ ಅವಳಿಂದಲೇ ಶುರುವಾಗಬೇಕು.